ಕಥೆಯಲ್ಲಿ ಪಾತ್ರ ಬಾಯಿ ಬಿಟ್ಟಾಗ

ಹೊಸ ಕಥೆಗಾರರು ವಸ್ತು ಹುಡುಕಲು ಪಡುವ ಪಾಡಿನಲ್ಲಿ ಕಾಲುಭಾಗವನ್ನು ಪಾತ್ರಗಳ ಮಾತಿಗಾಗಿ ಪಟ್ಟರೂ ನಮ್ಮ ಸಣ್ಣಕಥೆಗಳು ಎಷ್ಟೋ ಸುಧಾರಿಸುತ್ತವೆ. ಚೆನ್ನಾಗಿಯೇ ಸಾಗುತ್ತಿದ್ದ ಕಥೆ ಯಾರಾದರೂ ಬಾಯಿ ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ. ಕೂಲಿ ಹೆಂಗಸು ಸಂಪಾದಕೀಯದ ಭಾಷೆಯಲ್ಲಿ ಅಳುತ್ತಾಳೆ. ಗಂಡ ಹೆಂಡತಿ ತಮಗಿಬ್ಬರಿಗೂ ಗೊತ್ತಿರುವುದನ್ನೇ ಓದುಗರಿಗೆ ಕೇಳಿಸಲೆಂದು ಹೇಳಿಕೊಳ್ಳುತ್ತಾರೆ. ಕನ್ನಡದ ಕ್ರಿಯಾಪದ ಕಥೆಗಾರರಿಗೆ ಕೊಟ್ಟಿರುವ ಅನುಕೂಲ ದೊಡ್ಡದು, ನಾವು ಅದನ್ನು ಬಳಸುತ್ತಿಲ್ಲ ಅನ್ನುವುದೇ ನನ್ನ ತಕರಾರು.

ಬಂದ, ಬಂದಳು, ಬಂದರು. ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಅನ್ನುವುದರ ಜೊತೆಗೆ, ಹೇಳುವವರಿಗೆ ಅವರ ಮೇಲೆ ಎಷ್ಟು ಗೌರವ, ಎಷ್ಟು ಸಲಿಗೆ ಅನ್ನುವುದೂ ಇಷ್ಟರಲ್ಲೇ ಬಂದುಬಿಡುತ್ತದೆ. ನಿರೂಪಕನೂ ಇದರಿಂದ ತಪ್ಪಿಸಿಕೊಳ್ಳಲಾರ. ತಂದೆಯನ್ನು ‘ಬಂದರು’ ಎಂದರೆ ನಾವು ಮಗನ ಎತ್ತರದಿಂದ ನೋಡುತ್ತಿದ್ದೇವೆ. ‘ಬಂದ’ ಎಂದರೆ ದೂರ ನಿಂತು ನೋಡುತ್ತಿದ್ದೇವೆ, ಅಥವಾ ಮಗನೊಳಗೆ ಏನೋ ಮುರಿದಿದೆ. ಮೊದಲ ಪ್ಯಾರಾದಲ್ಲೇ ಇದನ್ನು ತೀರ್ಮಾನಿಸಿ ಕೊನೆಯವರೆಗೂ ಕಾಪಾಡಿಕೊಳ್ಳಬೇಕು. ಒಂದನೇ ಪುಟದಲ್ಲಿ ‘ಬಂದಳು’ ಆಗಿದ್ದ ಅತ್ತೆ ಮೂರನೇ ಪುಟದಲ್ಲಿ ಕಾರಣವಿಲ್ಲದೆ ‘ಬಂದರು’ ಆಗುವ ಕಥೆಗಳು ಬೇಕಾದಷ್ಟಿವೆ. ಏನು ತಪ್ಪಿತು ಎಂದು ಓದುಗರಿಗೆ ಹೇಳಲು ಬರದಿರಬಹುದು, ಆದರೆ ಕಥೆಯ ಮೇಲಿನ ನಂಬಿಕೆ ಅಲ್ಲಿಗೆ ಸಡಿಲವಾಗುತ್ತದೆ.

ಹಾಗಾಗಿ ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರನ್ನು ‘ನೀವು’? ಎದುರಿಗಿಲ್ಲದಾಗ ಏನೆನ್ನುತ್ತಾರೆ? ನೆಂಟರ ಮುಂದೆ? ಸಿಟ್ಟಿನಲ್ಲಿ? ನಾಲ್ಕು ಪಾತ್ರಗಳಿದ್ದರೆ ಆರು ಜೋಡಿ, ಹನ್ನೆರಡು ದಿಕ್ಕು. ಅರ್ಧ ಗಂಟೆಯ ಕೆಲಸ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಆ ಮನೆಯ ಮಗಳು ಅಪ್ಪನ ಜೊತೆ ಜಗಳವಾಡುವ ದೃಶ್ಯ ಬರೆಯುವಾಗ ಅವಳ ಸಿಟ್ಟು ಬಹುವಚನದ ಒಳಗೇ ಕುದಿಯಬೇಕು. ಆಫೀಸಿಗೆ ಹೋಗುವ ಬೆಂಗಳೂರಿನ ಹೆಂಡತಿ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿರಬಹುದು, ಊರಿಂದ ಅತ್ತೆ ಬಂದ ದಿನ ಅದೇ ಗಂಡ ‘ಇವರು’ ಆಗುತ್ತಾನೆ. ಈ ಬದಲಾವಣೆಯನ್ನು ಕಾಣಿಸಿದರೆ ಸಾಕು, ಅವಳ ಇಕ್ಕಟ್ಟನ್ನು ಬೇರೆ ವಿವರಿಸಬೇಕಿಲ್ಲ.

ಇದಕ್ಕಿಂತ ಬಲವಾದದ್ದು, ಸಂಬೋಧನೆಯನ್ನೇ ಕಥೆಯ ಘಟನೆಯನ್ನಾಗಿ ಮಾಡುವುದು. ಹುಟ್ಟಿದಾಗಿನಿಂದ ಅಣ್ಣನನ್ನು ‘ನೀನು’ ಎನ್ನುತ್ತಿದ್ದ ತಮ್ಮ, ಆಸ್ತಿ ಭಾಗವಾದ ಮಾರನೆಯ ದಿನ ‘ನೀವು ಯಾವಾಗ ಹೊರಡ್ತೀರ?’ ಎಂದು ಕೇಳುತ್ತಾನೆ. ಗೌರವ ಹೆಚ್ಚಿತು, ಸಂಬಂಧ ಸತ್ತಿತು. ‘ಅವನ ದನಿಯಲ್ಲಿ ಪರಕೀಯತೆ ಇತ್ತು’ ಎಂಬ ವಾಕ್ಯವನ್ನು ಅದರ ಪಕ್ಕ ದಯವಿಟ್ಟು ಇಡಬೇಡಿ. ಇಟ್ಟರೆ ಆ ‘ನೀವು’ ಕೆಲಸಕ್ಕೆ ಬಾರದಂತಾಗುತ್ತದೆ. ಒಂದು ಕಥೆಯಲ್ಲಿ ಇದನ್ನು ಒಂದೇ ಸಲ ಮಾಡಿ.

ಇನ್ನು ಮಾಹಿತಿಯ ಕಾಟ. ಅಕ್ಕ ತಂಗಿಗೆ ಹೇಳುತ್ತಾಳೆ: ‘ನಮ್ಮ ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಅಂದಿನಿಂದ ಅಮ್ಮ ಶಿವಮೊಗ್ಗದಲ್ಲಿ ಒಬ್ಬಳೇ ಇದ್ದಾಳೆ.’ ತಂಗಿಗೆ ಇದು ಗೊತ್ತಿಲ್ಲವೇ? ಮಾಹಿತಿ ಬೇಕಾದಲ್ಲಿ ಜಗಳ ಹಚ್ಚಿ: ‘ಈ ಸಲದ ತಿಥಿಗೂ ನಾನೇ ರಜೆ ಹಾಕ್ಬೇಕಾ?’ ಅಪ್ಪ ಇಲ್ಲ, ತೀರಿಕೊಂಡು ವರ್ಷಗಳಾಗಿವೆ, ಭಾರ ಒಬ್ಬಳ ಮೇಲೇ ಬಿದ್ದಿದೆ. ಐದಾರು ಪದಗಳಲ್ಲಿ ಎಲ್ಲವೂ ಬಂತು, ಮೇಲಾಗಿ ತಂಗಿ ಉತ್ತರ ಕೊಡಲೇಬೇಕಾಯಿತು. ಮಾತಿಗೆ ಉತ್ತರದ ಒತ್ತಡ ಇರಬೇಕು. ಅದಿಲ್ಲದ ಸಾಲನ್ನು ನಿರೂಪಣೆಗೆ ದಾಟಿಸಿ ಅಥವಾ ಹೊಡೆದುಹಾಕಿ.

ಉತ್ತರ ಅಂದರೆ ನೇರ ಉತ್ತರ ಅಂತಲ್ಲ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ:

‘ಅಣ್ಣ, ನನಗೆ ಹಣದ ಅವಶ್ಯಕತೆ ಇದೆ, ಜಮೀನು ಭಾಗ ಮಾಡೋಣ.’
‘ಅಪ್ಪ ಬದುಕಿರುವಾಗಲೇ ಹೀಗೆ ಕೇಳಲು ನಿನಗೆ ನಾಚಿಕೆಯಾಗುವುದಿಲ್ಲವೇ?’

ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ ಮುಗಿಸಿದರು. ಓದುಗರಿಗೆ ಕೆಲಸವೇ ಉಳಿಯಲಿಲ್ಲ. ಅದನ್ನೇ ತಿದ್ದಿದರೆ:

‘ಕಾಯಿ ಕೀಳಿಸಿದ್ಯಾ ಈ ಸಲ?’
‘ಎಲ್ಲಿ, ಆಳೇ ಸಿಗ್ತಿಲ್ಲ.’
‘ಕೆಳಗಿನ ತೋಟ ನಾನೇ ನೋಡ್ಕೊಳ್ತಿದ್ದೆ. ಯಾವುದು ಯಾರಿಗೆ ಅಂತ ಗೊತ್ತಾಗಿದ್ರೆ.’
‘ಕಾಫಿ ಆರುತ್ತೆ, ಕುಡಿ.’
‘ಅಪ್ಪನ ಹತ್ರ ನೀನು ಮಾತಾಡ್ತೀಯಾ, ನಾನು ಮಾತಾಡ್ಲಾ?’
‘ಅಪ್ಪ ಮಲಗಿದಾರೆ.’

‘ಭಾಗ’ ಎಂಬ ಮಾತು ಇಲ್ಲಿ ಬರಲೇ ಇಲ್ಲ. ಅಣ್ಣ ಎರಡು ಸಲ ಉತ್ತರ ತಪ್ಪಿಸಿದ, ಆ ತಪ್ಪಿಸುವಿಕೆಯೇ ಅವನ ಉತ್ತರ. ಕೊನೆಗೆ ‘ಎಂದು ಹೇಳಿ ಅಣ್ಣ ಮಾತು ತೇಲಿಸಿದ’ ಎಂದು ಸೇರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಇಲ್ಲಿ ಸರ್ವನಾಮಗಳನ್ನೂ ಗಮನಿಸಿ. ನಾವು ‘ನಾಳೆ ಬರ್ತೀನಿ’ ಅನ್ನುತ್ತೇವೆ, ಪ್ರತಿ ಸಲ ‘ನಾನು ನಾಳೆ ಬರ್ತೀನಿ’ ಅನ್ನುವುದಿಲ್ಲ. ಆ ‘ನಾನು’ ಸೇರಿದರೆ ಬೇರೆಯವರು ಬರದಿದ್ದರೂ ನಾನಂತೂ ಬರುತ್ತೇನೆ ಎಂಬ ಒತ್ತು ಬರುತ್ತದೆ. ಮೇಲಿನ ದೃಶ್ಯದಲ್ಲಿ ತಮ್ಮನ ಎರಡು ಮಾತುಗಳಲ್ಲಿ ಮಾತ್ರ ಅದು ಉಳಿದಿದೆ, ಎರಡರಲ್ಲೂ ಅವನು ತನ್ನ ಹಕ್ಕು ಊರುತ್ತಿದ್ದಾನೆ. ತಿದ್ದುವಾಗ ಸಂಭಾಷಣೆಯ ಎಲ್ಲ ನಾನು, ನೀನುಗಳನ್ನು ಒಮ್ಮೆ ಹೊಡೆದು, ಒತ್ತು ಬೇಕಾದಲ್ಲಿ ಮಾತ್ರ ವಾಪಸ್ ಹಾಕಿ. ಮಾತು ಮಾತಿಗೂ ಎದುರಿನವರ ಹೆಸರು ಕರೆಯುವುದನ್ನೂ ಆಗಲೇ ತೆಗೆಯಬಹುದು.

‘ಎಂದಳು’, ‘ಅಂದ’ಗಳ ವಿಷಯ ಬೇಗ ಮುಗಿಯುತ್ತದೆ. ಎರಡರಲ್ಲಿ ಒಂದು ಧಾಟಿ ಆರಿಸಿಕೊಳ್ಳಿ. ಗುಡುಗಿದ, ಉದ್ಗರಿಸಿದ, ಉಲಿದಳು ಬೇಡ. ಒಂದು ಗಂಡು ಒಂದು ಹೆಣ್ಣು ಮಾತಾಡುತ್ತಿದ್ದರೆ ಕ್ರಿಯಾಪದವೇ ಯಾರೆಂದು ಹೇಳುತ್ತದೆ, ಹೆಸರು ಬೇಕಿಲ್ಲ. ಇಬ್ಬರು ಹೆಂಗಸರಾದರೆ ಆ ಸೌಕರ್ಯ ಇಲ್ಲ. ಆಗ ಮಾತಿನ ಮುಂಚೆಯೇ ಒಬ್ಬಳ ಕೈಗೆ ಕೆಲಸ ಕೊಡಿ: ‘ಅತ್ತಿಗೆ ಮೊರದಲ್ಲಿದ್ದ ಅಕ್ಕಿ ಕೇರುತ್ತಿದ್ದಳು.’ ನಮ್ಮ ವಾಕ್ಯದಲ್ಲಿ ‘ಎಂದಳು’ ಕೊನೆಗೆ ಬರುವುದರಿಂದ, ಏಳೆಂಟು ಸಾಲಿನ ಮಾತು ಯಾರದೆಂದು ತಿಳಿಯಲು ಓದುಗರು ಅಲ್ಲಿಯವರೆಗೂ ಕಾಯಬೇಕಾಗುತ್ತದೆ. ಉದ್ದದ ಮಾತನ್ನು ಮೊದಲ ವಾಕ್ಯದ ನಂತರವೇ ಮುರಿದು ಆಡಿದವರನ್ನು ತೋರಿಸಿ.

ಪ್ರಾದೇಶಿಕ ಮಾತು ಬರೆಯುವವರು ಎಡವುವುದೂ ಕ್ರಿಯಾಪದದಲ್ಲೇ. ಬೆಂಗಳೂರಿನ ವಾಕ್ಯಕ್ಕೆ ‘ರೀ’ ಅಂಟಿಸಿ ಧಾರವಾಡ ಎನ್ನುತ್ತಾರೆ. ‘ಏನ್ ಮಾಡ್ತಾ ಇದೀರಿ’ ಅನ್ನುವುದು ಅಲ್ಲಿ ‘ಏನ್ ಮಾಡಾಕತ್ತೀರಿ’ ಆಗದಿದ್ದರೆ ‘ರೀ’ ಎಷ್ಟು ಸುರಿದರೂ ಆ ಊರು ಬರುವುದಿಲ್ಲ. ಅಲ್ಲಿ ‘ಐತಿ’ ಮತ್ತು ‘ಅದ’ ಎರಡೂ ಇವೆ, ಯಾವುದು ಯಾರ ಬಾಯಲ್ಲಿ ಅನ್ನುವುದು ಮನೆತನ, ಜಾತಿ, ಸೀಮೆಯ ಮೇಲೆ ಹೋಗುತ್ತದೆ. ಒಂದೇ ಪಾತ್ರ ಕಾರಣವಿಲ್ಲದೆ ಎರಡನ್ನೂ ಆಡಿದರೆ ಆ ಕಡೆಯವರಿಗೆ ತಕ್ಷಣ ತಿಳಿಯುತ್ತದೆ. ಮಂಡ್ಯದ ಕಡೆಗೆ ‘ಲಾ’ ಸಾಲದು, ‘ಬತ್ತಾವ್ನೆ’ ಬೇಕು. ಮಂಗಳೂರಿನ ಪಾತ್ರದ ಸಾಲು ಸಾಲಿಗೂ ‘ಮಾರಾಯ್ರೆ’ ಹಾಕುವ ಬದಲು ‘ನೀವು ಯಾವಾಗ ಹೋಗುವುದು?’, ‘ಊಟ ಮಾಡಿ ಆಯ್ತು’ ಎಂಬ ವಾಕ್ಯದ ಕಟ್ಟನ್ನು ಹಿಡಿಯಿರಿ.

ಎಷ್ಟು ಹಾಕಬೇಕು? ಪ್ರತಿ ಪದವನ್ನೂ ಉಚ್ಚಾರಕ್ಕೆ ತಕ್ಕಂತೆ ಬರೆದರೆ ಬೇರೆ ಜಿಲ್ಲೆಯ ಓದುಗರು ಎಡವುತ್ತಾರೆ. ಕ್ರಿಯಾಪದದ ಕೊನೆ, ನೆಂಟಸ್ತಿಕೆಯ ಪದಗಳು, ದಿನಬಳಕೆಯ ನಾಲ್ಕೈದು ಮಾತು, ಇಷ್ಟನ್ನು ಅಲ್ಲಿಯದಾಗಿ ಇಟ್ಟು ಉಳಿದ ನಾಮಪದಗಳನ್ನು ಎಂದಿನ ಕಾಗುಣಿತದಲ್ಲಿ ಬಿಟ್ಟರೆ ಸಾಕು. ದೇವನೂರ ಮಹಾದೇವ 1984ರ ‘ಕುಸುಮಬಾಲೆ’ ಕಾದಂಬರಿಯಲ್ಲಿ ನಿರೂಪಣೆಯನ್ನೂ ನಂಜನಗೂಡು ಸೀಮೆಯ ಮಾತಿನಲ್ಲೇ ನಡೆಸಿದರು. ಅಲ್ಲಿ ಹೇಳುವವನೂ ಪಾತ್ರಗಳೂ ಒಂದೇ ನೆಲದವರಾದ್ದರಿಂದ ಆ ಬಿಗಿ ಸಾಧ್ಯವಾಯಿತು. ಆ ದಾರಿ ಹಿಡಿಯುವವರು ಪೂರ್ತಿ ಹಿಡಿಯಬೇಕು. ನಿರೂಪಣೆ ಅರ್ಧ ಗ್ರಾಂಥಿಕ, ಅರ್ಧ ಆಡುಮಾತು ಆದರೆ ಎರಡೂ ಕೆಡುತ್ತವೆ.

ಕೊನೆಯ ತಿದ್ದುಪಡಿಗೆ ಕಥೆಯಿಂದ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಆಡಿದವರ ಹೆಸರು ಬರೆಯದೆ, ಆ ಸೀಮೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಕಡೆ, ಅಥವಾ ತಮಗರಿವಿಲ್ಲದೆ ಪದ ಬದಲಿಸಿ ಓದಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅವರು ಬದಲಿಸಿದ ಪದವೇ ಬಹುಪಾಲು ಸರಿಯಾಗಿರುತ್ತದೆ.