ಪರಿಚಯಕ್ಕೂ ಮದುವೆಗೂ ನಡುವಿನ ಜಾಗ

ಹನ್ನೊಂದು ವಾರ. ಪರಿಚಯವಾದ ದಿನದಿಂದ ಅವಳ ಕೊನೆಯ ಮೆಸೇಜಿನವರೆಗೆ ಹಿಡಿದದ್ದು ಅಷ್ಟೇ. ಮೂರನೇ ವಾರಕ್ಕೆ ಮದುವೆಯ ಮಾತಾಡಿದ್ದೆ, ಐದನೇ ವಾರಕ್ಕೆ ಅಮ್ಮನಿಗೆ ಹೇಳಿಬಿಟ್ಟಿದ್ದೆ. ಎಲ್ಲ ಮುಗಿದ ಮೇಲೆ ಊರು ಬಿಟ್ಟು ನಾನು ಬಂದು ನೆಲೆಸಿರುವ ಇಲ್ಲಿನ ಸಹೋದ್ಯೋಗಿಯೊಬ್ಬರು, "ಅವಳ ಬಗ್ಗೆ ನಿನಗೆ ಏನೇನು ಗೊತ್ತಿತ್ತು?" ಎಂದು ಕೇಳಿದರು. ಕೋಪ ಬಂತು. ಆಮೇಲೆ ಕೂತು ಯೋಚಿಸಿದರೆ, ಸಿಟ್ಟು ಬಂದಾಗ ಅವಳು ಹೇಗಿರುತ್ತಾಳೆ ಅನ್ನುವುದೂ ನನಗೆ ತಿಳಿದಿರಲಿಲ್ಲ.

ನಾನು ಬೆಳೆದ ರೀತಿಯಲ್ಲಿ ಇದ್ದದ್ದು ಎರಡೇ: ಒಂದೋ ಏನೂ ಇಲ್ಲ, ಇಲ್ಲವೇ ಮದುವೆ. ಮನಸ್ಸು ಕೊಟ್ಟೆ ಅಂದಮೇಲೆ ತಡವೇಕೆ? ಇಲ್ಲಿನವರು ಸಂಬಂಧಕ್ಕೆ ಹೆಸರಿಡದೆ ತಿಂಗಳುಗಟ್ಟಲೆ ಭೇಟಿಯಾಗುತ್ತಾರೆ. ಮೊದಮೊದಲು ಅದು ನನಗೆ ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯದಂತೆ ಕಂಡಿತ್ತು. ಆ ಅಭಿಪ್ರಾಯ ಬದಲಾಗಿದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜತೆಗಿರಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗೂ ಮೇಲೆ. ಅದು ಗೆಳೆತನದ ಲೆಕ್ಕ, ಒಪ್ಪುತ್ತೇನೆ. ಆದರೂ ನಾವಿಬ್ಬರು ಎದುರುಬದುರು ಕೂತ ಗಂಟೆಗಳನ್ನು ಎಣಿಸಿದೆ. 60 ದಾಟಲಿಲ್ಲ. ಉಳಿದದ್ದೆಲ್ಲ ನಡುರಾತ್ರಿಯ ಚಾಟ್, ಮತ್ತೆ ನನ್ನ ಕಲ್ಪನೆ.

ಸಂಕಟ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. "ಹನ್ನೊಂದು ವಾರಕ್ಕೆ ಇಷ್ಟೊಂದಾ?" ಅಂದವರಿದ್ದಾರೆ. ಹೌದು, ಇಷ್ಟೊಂದು. ಮನಸ್ಸಿನಲ್ಲಿ ಅವಳ ಜತೆ ಇಪ್ಪತ್ತು ವರ್ಷ ಬಾಳಿಬಿಟ್ಟಿದ್ದೆ, ಅಳು ಬರುತ್ತಿದ್ದದ್ದು ಆ ವರ್ಷಗಳಿಗೆ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು, ಪ್ರೀತಿಸಿದವರು ಕೈಬಿಟ್ಟಿದ್ದ 15 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದ್ದರು. ಬಿಟ್ಟುಹೋದವರ ಫೋಟೋ ನೋಡುವಾಗ, ಕೊಕೇನ್ ಚಟದ ತುಡಿತದಲ್ಲಿ ಕೆಲಸ ಮಾಡುವ ಭಾಗಗಳು ಚುರುಕಾಗಿದ್ದವು. ಅದನ್ನು ಓದಿದ ದಿನವೇ ಫೋಟೋಗಳನ್ನು ಅಳಿಸಿದೆ. ಅವಳು ಆನ್‌ಲೈನ್ ಇದ್ದಾಳಾ ಎಂದು ನೋಡುವ ಚಾಳಿ ಬಿಡಲು ಇನ್ನೂ ಎರಡು ತಿಂಗಳು ಬೇಕಾಯಿತು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮವರ ರೀತಿಯೇ. ಇಲ್ಲಿನವರು ದುಃಖದಲ್ಲಿರುವವರನ್ನು ದೂರದಿಂದ ಗೌರವಿಸುತ್ತಾರೆ, "ಬೇಕಾದಾಗ ಹೇಳು" ಅನ್ನುತ್ತಾರೆ. ಬೇಕು ಅನ್ನಲೂ ತ್ರಾಣವಿರಲಿಲ್ಲವಲ್ಲ! ಊರಿನ ಗೆಳೆಯ ಹೇಳಿಸಿಕೊಳ್ಳದೆ ದಿನಾ ರಾತ್ರಿ ಫೋನ್ ಮಾಡುತ್ತಿದ್ದ. ಅದೇ ಕಥೆಯನ್ನು ಹತ್ತನೇ ಸಲ ಹೇಳಿದರೂ "ಹ್ಞೂಂ, ಆಮೇಲೆ?" ಅನ್ನುತ್ತಿದ್ದ. ಅವನ ಋಣ ದೊಡ್ಡದು.

ಈಗ ಒಬ್ಬರ ಪರಿಚಯವಾಗಿ ನಾಲ್ಕು ತಿಂಗಳಾಗಿದೆ. ವಾರಕ್ಕೊಮ್ಮೆ ಸಿಗುತ್ತೇವೆ. ಮಧ್ಯದ ಆರು ದಿನ ಸುಲಭವಲ್ಲ, ಬರೆಯಲು ಹೋದ ಉದ್ದುದ್ದ ಮೆಸೇಜುಗಳನ್ನು ಎಷ್ಟೋ ಸಲ ಅಳಿಸಿದ್ದೇನೆ. ಸುಸ್ತಾದಾಗ, ಬೇಸರವಾದಾಗ ಒಬ್ಬರನ್ನೊಬ್ಬರು ನೋಡಬೇಕು, ಒಂದು ಜಗಳವಾದರೂ ಆಗಿ ರಾಜಿಯಾಗಬೇಕು, ಅಲ್ಲಿಯವರೆಗೆ ಮುಂದಿನ ವರ್ಷಗಳ ಮಾತು ಬೇಡ ಎಂದುಕೊಂಡಿದ್ದೆ. ಕಳೆದ ವಾರ ಜಗಳವಾಯಿತು. ಎರಡು ದಿನ ಮಾತಿರಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು.

ಅಮ್ಮನಿಗೆ ಇನ್ನೂ ಹೇಳಿಲ್ಲ.