ಶನಿವಾರದ ಅತಿಥಿ

ಆಫೀಸಿನ ಕೆಲಸಕ್ಕೆಂದು ಎರಡು ವಾರ ಯುರೋಪಿಗೆ ಬಂದವರಿಗೆ ನಡುವಿನ ಶನಿವಾರ, ಭಾನುವಾರ ಹೇಗೆ ಕಳೆಯುವುದೆಂದು ತೋಚುವುದಿಲ್ಲ. ಆಗ ನೆನಪಾಗುವವನು ಜರ್ಮನಿಯ ಮ್ಯೂನಿಕ್‌ನಲ್ಲಿರುವ ಕಾಲೇಜಿನ ಗೆಳೆಯ. ‘ಬಾರೋ, ಸೋಫಾ ಬಿಚ್ಚಿದರೆ ಮಂಚ ಆಗುತ್ತೆ’ ಎಂದು ಅವನೂ ವರ್ಷಗಳಿಂದ ಕರೆಯುತ್ತಲೇ ಇರುತ್ತಾನೆ. ಪಾಪ, ಒಂದು ಮಾತು ಮಾತ್ರ ಅವನ ಬಾಯಿಂದ ಬರುವುದಿಲ್ಲ. ವಾರವಿಡೀ ದುಡಿಯುವ ಅವನಿಗೆ ಮನೆಗೆಲಸಕ್ಕೆ ಸಿಗುವುದು ಶನಿವಾರ ಒಂದೇ, ನೀವು ಹೋಗಿ ಕೂರುವುದೂ ಅವತ್ತೇ.

ಊರಿಂದ ಹೊರಡುವಾಗಲೇ ಅವನಿಗೆಂದು ಏನಾದರೂ ಕಟ್ಟಿಕೊಂಡಿರುತ್ತೀರಿ. ಸಾರಿನ ಪುಡಿ, ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆಗೆ ಅಡ್ಡಿಯಿಲ್ಲ. ತುಪ್ಪ ಹಾಲಿನ ಪದಾರ್ಥದ ಲೆಕ್ಕಕ್ಕೆ ಬರುವುದರಿಂದ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಕರಿಬೇವಿನ ಸೊಪ್ಪಿಗೂ ಮಾವಿನ ಹಣ್ಣಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಆ ಪತ್ರವಿಲ್ಲದೆ ಒಳಗೆ ಬಿಡುವುದು ಐದೇ ಹಣ್ಣುಗಳನ್ನು: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗು. ಬಾಳೆಹಣ್ಣು, ತೆಂಗಿನಕಾಯಿ ಎರಡಕ್ಕೂ ದಾರಿ ಬಿಟ್ಟವರು ನಮ್ಮ ಪೂಜೆಯ ತಟ್ಟೆ ನೋಡಿಯೇ ನಿಯಮ ಬರೆದಂತಿದೆ. ಹಾಗೆಂದು ಕೊಬ್ಬರಿ ಬಟ್ಟಲನ್ನು ಸೂಟ್‌ಕೇಸಿಗೆ ತುರುಕಬೇಡಿ. ಎಣ್ಣೆಯಂಶದಿಂದ ಬೇಗ ಬೆಂಕಿ ಹತ್ತುತ್ತದೆಂದು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಶುಕ್ರವಾರ ರಾತ್ರಿ ಅವನ ಕಟ್ಟಡದ ಮುಂದೆ ಬ್ಯಾಗು ಹಿಡಿದು ನಿಂತಾಗ ಮೊದಲ ಪೇಚು. ಕರೆಗಂಟೆಯ ಫಲಕದಲ್ಲಿ ಮನೆ ನಂಬರ್ ಇರುವುದಿಲ್ಲ, ಮನೆಯವರ ಅಡ್ಡಹೆಸರಿರುತ್ತದೆ. ನೀವು ನಾಲ್ಕು ವರ್ಷ ‘ಮಂಜ’ ಎಂದು ಕೂಗಿದವನು ಅಲ್ಲಿ ಪಾಸ್‌ಪೋರ್ಟಿನ ಕೊನೆಯ ಹೆಸರಿನಲ್ಲಿ ಕೂತಿರುತ್ತಾನೆ. ಅದು ಅವರಪ್ಪನ ಹೆಸರಿರಬಹುದು, ತಾತ ಹುಟ್ಟಿದ ಹಳ್ಳಿಯೂ ಇರಬಹುದು. ‘ಬೆಲ್ ಮೇಲೆ ಏನಂತ ಬರೆದಿದೆ?’ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಕ್ಷೇಮ.

ದೋಸೆ ತಿನ್ನುವ ಯೋಚನೆಯಿದ್ದರೆ ಚಪ್ಪಲಿ ಬಿಟ್ಟ ತಕ್ಷಣ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕಿ. ದೋಸೆ ಆಗುವುದು ಭಾನುವಾರ ಬೆಳಗ್ಗೆ. ಆದರೆ ರುಬ್ಬುವುದು ಶನಿವಾರವೇ ಮುಗಿಯಬೇಕು, ಭಾನುವಾರ ಬೆಳಗ್ಗೆ ಮಿಕ್ಸಿ ಗುರುಗುಟ್ಟಿದರೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬರುತ್ತಾರೆ. ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲು ಒಲೆ ಹಚ್ಚದೆ ಓವನ್ನಿನ ದೀಪ ಮಾತ್ರ ಹಾಕಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಬೇಕು. ಆ ಪುಟ್ಟ ಬಲ್ಬಿನ ಕಾವೇ ಸಾಕು. ಪಾತ್ರೆ ಅರ್ಧದಷ್ಟು ಖಾಲಿಯಿರಲಿ, ಇಲ್ಲದಿದ್ದರೆ ಉಕ್ಕಿದ ಹಿಟ್ಟು ಓವನ್ನಿನ ತಳದಲ್ಲಿ ಒಣಗಿ ಕೂರುತ್ತದೆ. ಓವನ್ನಿನ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸುವುದನ್ನೂ ಮರೆಯಬೇಡಿ. ರಾತ್ರಿ ಯಾರಾದರೂ ಪಿಜ್ಜಾ ಬಿಸಿ ಮಾಡಲೆಂದು 220 ಡಿಗ್ರಿಗೆ ತಿರುಗಿಸಿದರೆ ಹಿಟ್ಟಿನ ಜತೆ ಪ್ಲಾಸ್ಟಿಕ್ ಡಬ್ಬಿಯೂ ಬೇಯುತ್ತದೆ.

ಇನ್ನು ಶನಿವಾರ. ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ರಾತ್ರಿ 8ಕ್ಕೆ ಅಂಗಡಿಗಳ ಬಾಗಿಲು ಬಿದ್ದರೆ ತೆರೆಯುವುದು ಸೋಮವಾರವೇ. ಭಾನುವಾರದ ಈ ಬಿಡುವು ಜರ್ಮನಿಯ ಹಳೆಯ, 1919ರ ವೈಮಾರ್ ಸಂವಿಧಾನದ 139ನೇ ವಿಧಿಯಲ್ಲೇ ಇತ್ತು, ಈಗಿನ ಸಂವಿಧಾನವೂ ಅದನ್ನು ಹಾಗೇ ಉಳಿಸಿಕೊಂಡಿದೆ. ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕು, ಒಂದಿಷ್ಟು ಹೊತ್ತು ಬೇಕರಿ, ಬಹುಮಟ್ಟಿಗೆ ಇಷ್ಟೇ ಗತಿ. ಆದ್ದರಿಂದ ಗೆಳೆಯ ಚೀಲ ಹಿಡಿದು ಹೊರಟಾಗ ‘ನೀನು ಹೋಗಿ ಬಾ, ನಾನು ಸ್ವಲ್ಪ ಮಲಗ್ತೀನಿ’ ಅನ್ನುವ ಅತಿಥಿಯಾಗಬೇಡಿ. ಜತೆಗೆ ಹೋಗಿ. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದು ಇಂಥ ಕೆಲಸಗಳ ನಡುವೆಯೇ ಹೊರತು ಕೋಟೆಯ ಟಿಕೆಟ್ ಸಾಲಿನಲ್ಲಿ ಅಲ್ಲ.

ಅಂಗಡಿಯ ಬಾಗಿಲಲ್ಲೇ ಖಾಲಿ ಬಾಟಲಿ ನುಂಗಿ, ಕೊಳ್ಳುವಾಗ ಕಟ್ಟಿದ ಠೇವಣಿ ವಾಪಸ್ ಕೊಡುವ ಯಂತ್ರವಿರುತ್ತದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಪಾನೀಯದ ತಗಡಿನ ಡಬ್ಬಿಗೂ 25 ಸೆಂಟ್, ಮತ್ತೆ ತುಂಬಿಸಬಹುದಾದ ನೀರಿನ ಬಾಟಲಿಗೆ 15, ಮಾಮೂಲಿ ಬಿಯರ್ ಬಾಟಲಿಗೆ 8. ನಾವು ಸಾಮಾನ್ಯವಾಗಿ ಎಡವುವುದು ಇಲ್ಲಿ. ‘ಬಳಸಿದ ಮೇಲೆ ಜಜ್ಜಿ ಬಿಸಾಡಿ’ ಎಂದು ಬಾಟಲಿಯ ಮೇಲೇ ಅಚ್ಚು ಹಾಕುವ ದೇಶದವರು ನಾವು. ನೀರು ಕುಡಿದ ಮೇಲೆ ಕೈ ತಾನಾಗಿ ಅದನ್ನು ಹಿಂಡಿಬಿಡುತ್ತದೆ. ಹಿಂಡಿದ ಬಾಟಲಿಯ ಗುರುತಿನ ಪಟ್ಟಿ ಓದಲಾಗದೆ ಯಂತ್ರ ಅದನ್ನು ಸುತ್ತಿ ಸುತ್ತಿಸಿ ವಾಪಸ್ ಉಗುಳುತ್ತದೆ. ಬಾಯಿಗಿಟ್ಟು ಗಾಳಿ ಊದಿ ಉಬ್ಬಿಸಿದರೆ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ. ಹಿಂದೆ ಸಾಲಿನಲ್ಲಿ ನಿಂತವರ ಮುಖ ನೋಡದಿದ್ದರಾಯಿತು. ಕೊನೆಗೆ ಗುಂಡಿ ಒತ್ತಿದಾಗ ಬರುವ ಚೀಟಿಯನ್ನು ಅದೇ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೊಡಬೇಕು, ಜೇಬಿನಲ್ಲೇ ಉಳಿದರೆ ಪ್ಯಾಂಟಿನ ಜತೆ ಒಗೆದು ಹೋಗುತ್ತದೆ. ವೈನ್ ಮತ್ತು ಉಪ್ಪಿನಕಾಯಿಯ ಗಾಜಿಗೆ ಕಾಸಿಲ್ಲ. ಅವನ್ನು ಬೀದಿ ಮೂಲೆಯ ಬಿಳಿ, ಕಂದು, ಹಸಿರು ಡಬ್ಬಗಳಿಗೆ ಬಣ್ಣ ನೋಡಿ ಹಾಕಬೇಕು. ನೀಲಿ ಗಾಜು ಹಸಿರಿಗೆ. ಸದ್ದಾಗುತ್ತದೆಂದು ರಾತ್ರಿ ಮತ್ತು ಭಾನುವಾರ ಹಾಕುವಂತಿಲ್ಲ.

ಭಾನುವಾರದ ಒಗ್ಗರಣೆಗೂ ಒಂದು ಕ್ರಮವಿದೆ. ಒಣಮೆಣಸಿನಕಾಯಿ ಎಣ್ಣೆಗೆ ಬೀಳುವ ಮೊದಲು ಅಡುಗೆಮನೆಯ ಕಿಟಕಿ ತೆರೆಯಬೇಕು, ಹಜಾರದ ಕಡೆಯ ಬಾಗಿಲು ಮುಚ್ಚಬೇಕು. ಘಾಟು ಹೋಗಲೆಂದು ಎರಡನ್ನೂ ತೆರೆದರೆ ಹೊಗೆ ನೇರ ಹಜಾರಕ್ಕೆ ನುಗ್ಗುತ್ತದೆ, ಕಾನೂನಿನ ಪ್ರಕಾರ ಹೊಗೆಯ ಅಲಾರಂ ಇರುವುದು ಅಲ್ಲೇ. ಆ ಕಿಟಕಿಯ ಹಿಡಿ ಕೆಳಗಿದ್ದರೆ ಬಂದ್, ಅಡ್ಡಕ್ಕಿದ್ದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕಿದ್ದರೆ ತಲೆಯ ಭಾಗ ಮಾತ್ರ ಒಳಗೆ ವಾಲುತ್ತದೆ. ತೆರೆದ ಸ್ಥಿತಿಯಲ್ಲೇ ಹಿಡಿಯನ್ನು ಮೇಲಕ್ಕೆ ತಿರುಗಿಸಿದಿರೋ, ಮೇಲಿನ ಹಿಂಜು ಕಳಚಿ ಇಡೀ ಗಾಜು ಕೆಳಗಿನ ಒಂದು ಮೂಲೆಯಲ್ಲಿ ಜೋತು ಬೀಳುತ್ತದೆ. ಕಿರುಚಬೇಡಿ, ಅದು ಬೀಳುವುದಿಲ್ಲ. ಕಳಚಿದ ಮೇಲಿನ ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಹಿಡಿಯನ್ನು ಅಡ್ಡಕ್ಕೆ ತಂದು, ಆಮೇಲೆ ಮುಚ್ಚಿದರೆ ಸರಿಹೋಗುತ್ತದೆ. ಬೀಗದ ತಪ್ಪು ಇಷ್ಟು ಅಗ್ಗವಲ್ಲ. ಮುಂಬಾಗಿಲಿಗೆ ಹೊರಗಡೆ ತಿರುಗದ ಗುಂಡಿಯಷ್ಟೇ ಇರುತ್ತದೆ. ಕಸ ಹಾಕಿ ಬರಲೆಂದು ಬನಿಯನ್ನಿನಲ್ಲಿ ಇಳಿದಾಗ ಗಾಳಿಗೆ ಬಾಗಿಲು ಹಾಕಿಕೊಂಡರೆ, ಭಾನುವಾರ ಬೀಗದವನನ್ನು ಕರೆಸಲು ನೂರಾರು ಯೂರೋ. ಕೀಲಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೇ ಹೊಸಿಲು ದಾಟಿ.

ಊರು ನೋಡಲೇಬೇಕೆಂದರೆ ಬವೇರಿಯ ಟಿಕೆಟ್ ಇದೆ. ಒಂದರಲ್ಲಿ ಐದು ಜನರವರೆಗೆ ಇಡೀ ದಿನ ಓಡಾಡಬಹುದು, ವೇಗದ ರೈಲುಗಳಲ್ಲಿ ಮಾತ್ರ ನಡೆಯುವುದಿಲ್ಲ. ಆಸ್ಟ್ರಿಯದ ಸಾಲ್ಜ್‌ಬರ್ಗ್‌ವರೆಗೂ ಅದೇ ಸಾಕು, ಗಡಿಯಲ್ಲಿ ತಪಾಸಣೆ ಇರುತ್ತದಾದ್ದರಿಂದ ಪಾಸ್‌ಪೋರ್ಟ್ ಒಯ್ಯಿರಿ. ನ್ಯೂಶ್ವಾನ್‌ಸ್ಟೈನ್ ಕೋಟೆಗೆ ಹಟ ಹಿಡಿಯಬೇಡಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಮೇಲಾಗಿ ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ ನಿಮ್ಮ ಗೆಳೆಯನಿಗೆ ಅದರ ಕಿಟಕಿಗಳೂ ಬಾಯಿಪಾಠವಾಗಿವೆ.

ಹೊರಡುವ ಮುನ್ನ ಹೊದಿಕೆ, ದಿಂಬಿನ ಗವಸು ಬಿಚ್ಚಿ ಒಗೆಯುವ ಬುಟ್ಟಿಗೆ ಹಾಕಿ, ಸೋಫಾ ಮಡಚಿಡಿ. ನಗರದ ನಡುವಿನ ಸ್ಥಳೀಯ ರೈಲು ಮಾರ್ಗವನ್ನು ದುರಸ್ತಿಗೆಂದು ವಾರಾಂತ್ಯದಲ್ಲೇ ಮುಚ್ಚುವುದುಂಟು, ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ವಿಮಾನ ನಿಲ್ದಾಣಕ್ಕೆ ಎಸ್1 ಎಂಬ ಸ್ಥಳೀಯ ರೈಲು ಹತ್ತುವುದಾದರೆ ಬೋಗಿಯ ಮೇಲಿನ ಫಲಕ ಓದಿಯೇ ಹತ್ತಿ. ನಾಯ್‌ಫಾರ್ನ್ ಎಂಬಲ್ಲಿ ಆ ರೈಲು ಎರಡು ತುಂಡಾಗಿ, ಒಂದು ವಿಮಾನ ನಿಲ್ದಾಣಕ್ಕೆ, ಇನ್ನೊಂದು ಫ್ರೈಜಿಂಗ್ ಊರಿಗೆ ಹೋಗುತ್ತದೆ. ತಪ್ಪು ತುಂಡಿನಲ್ಲಿ ಕೂತವರು ನಾಯ್‌ಫಾರ್ನ್‌ನಲ್ಲೇ ಇಳಿದು ಪ್ಲಾಟ್‌ಫಾರಂ ಮೇಲೆ ಓಡಿ ಇನ್ನೊಂದು ತುಂಡು ಹಿಡಿಯಬಹುದು, ಸೂಟ್‌ಕೇಸಿನ ಚಕ್ರ ಗಟ್ಟಿಯಿದ್ದರೆ.