ಬಗ್ದಾದಿಯನ್ನು ಬೆಳೆಸಿದ್ದು ಇರಾಕ್ ಯುದ್ಧವೇ?

2014ರ ಜುಲೈ 4ರ ಶುಕ್ರವಾರ, ಇರಾಕಿನ ಮೊಸುಲ್ ನಗರದ ಅಲ್ ನೂರಿ ಮಸೀದಿಯಲ್ಲಿ ಕಪ್ಪು ನಿಲುವಂಗಿ, ಕಪ್ಪು ಮುಂಡಾಸು ತೊಟ್ಟ ವ್ಯಕ್ತಿಯೊಬ್ಬ ಒಂದೊಂದು ಮೆಟ್ಟಿಲಿನಲ್ಲೂ ಒಂದಿಷ್ಟು ನಿಂತು ಪ್ರವಚನದ ಪೀಠವನ್ನೇರಿದ. ಕುಳಿತು ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜಿಕೊಂಡ. ಆಮೇಲೆ ಎದ್ದು, ಪ್ರವಾದಿಯವರ ನಂತರ ಮೊದಲ ಖಲೀಫರಾದ ಅಬು ಬಕರ್ ಅವರ ಮಾತಿನ ಧಾಟಿಯಲ್ಲೇ, ತಾನು ಜನರಲ್ಲಿ ಶ್ರೇಷ್ಠನಲ್ಲದಿದ್ದರೂ ಅವರನ್ನು ಆಳುವ ಹೊಣೆ ತನ್ನ ಮೇಲೆ ಬಿದ್ದಿದೆ ಎಂದ. ಐದು ದಿನಗಳ ಹಿಂದಷ್ಟೇ ಅವನ ಸಂಘಟನೆಯಾದ ಇಸ್ಲಾಮಿಕ್ ಸ್ಟೇಟ್ (ಐಎಸ್) ಅವನನ್ನು ಲೋಕದ ಮುಸ್ಲಿಮರೆಲ್ಲರ ಖಲೀಫ ಎಂದು ಘೋಷಿಸಿತ್ತು. ಹತ್ತು ವರ್ಷಗಳ ಹಿಂದೆ, ಅದೇ ಜುಲೈ ತಿಂಗಳಲ್ಲಿ, ಅವನು ಅಮೆರಿಕನ್ನರ ಸೆರೆಯಲ್ಲಿದ್ದ.

ಆ ವ್ಯಕ್ತಿಯೇ ಅಬು ಬಕರ್ ಅಲ್ ಬಗ್ದಾದಿ. ಅವನ ಏಳಿಗೆಗೆ 2003ರಲ್ಲಿ ಅಮೆರಿಕ ಇರಾಕಿನ ಮೇಲೆ ನಡೆಸಿದ ಆಕ್ರಮಣವೇ ಹೊಣೆಯೇ ಎಂಬ ಪ್ರಶ್ನೆ ಅವನು ಸತ್ತು ವರ್ಷಗಳಾದರೂ ಬಗೆಹರಿದಿಲ್ಲ. ಎರಡೂ ವಾದಗಳನ್ನು, ಅವನ್ನು ಮನಸಾರೆ ನಂಬುವವರು ಹೇಳುವ ಹಾಗೆಯೇ, ಇಲ್ಲಿ ಇಡುತ್ತಿದ್ದೇನೆ.

ಪರ: ಆ ಯುದ್ಧ ನಡೆಯದಿದ್ದರೆ ಈ ಖಲೀಫ ಹುಟ್ಟುತ್ತಿರಲಿಲ್ಲ

ಇಬ್ರಾಹಿಂ ಅವ್ವಾದ್ ಅಲ್ ಬದ್ರಿ ಎಂಬುದು ಅವನ ನಿಜವಾದ ಹೆಸರು. ಹುಟ್ಟಿದ್ದು 1971ರಲ್ಲಿ, ಬಾಗ್ದಾದಿನ ಉತ್ತರಕ್ಕಿರುವ ಸಮರ್ರಾ ಪಟ್ಟಣದಲ್ಲಿ. ದೃಷ್ಟಿ ಮಂದವಾಗಿದ್ದುದರಿಂದ ಸೇನೆಗೆ ಸೇರಲಾಗಲಿಲ್ಲ. ಬಾಗ್ದಾದಿನ ತೋಬ್ಚಿ ಬಡಾವಣೆಯ ಮಸೀದಿಯೊಂದನ್ನು ಆಶ್ರಯಿಸಿ, ಮಕ್ಕಳಿಗೆ ಕುರ್‌ಆನ್ ಪಠಣ ಕಲಿಸುತ್ತ, ಮಸೀದಿಯ ತಂಡದಲ್ಲಿ ಫುಟ್‌ಬಾಲ್ ಆಡುತ್ತ, ಕುರ್‌ಆನ್ ಅಧ್ಯಯನದಲ್ಲಿ ಉನ್ನತ ಪದವಿಗೆ ಓದುತ್ತಿದ್ದ. ಮಿತಭಾಷಿ, ಮಡಿವಂತ. ಇಂಥವರು ಎಲ್ಲ ಧರ್ಮಗಳಲ್ಲೂ, ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಅವರಲ್ಲಿ ಬಹುಪಾಲು ಜನ ಪಾಠ ಹೇಳುತ್ತಲೇ ಮುದುಕರಾಗುತ್ತಾರೆ. 2003ರ ಮಾರ್ಚ್‌ನಲ್ಲಿ ಬಾಂಬುಗಳು ಬೀಳತೊಡಗುವವರೆಗೆ ಇಬ್ರಾಹಿಮನ ಬದುಕೂ ಆ ಕಡೆಗೇ ಸಾಗುತ್ತಿದ್ದಂತೆ ಕಾಣುತ್ತದೆ.

ಯುದ್ಧ ಗೆದ್ದವರು ಮೊದಲು ಮಾಡಿದ್ದೇನು ಎಂಬುದನ್ನು ಗಮನಿಸಬೇಕು. ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ 2003ರ ಮೇ 16ರಂದು ಹೊರಡಿಸಿದ ಮೊದಲ ಆದೇಶ, ಪದಚ್ಯುತ ಅಧ್ಯಕ್ಷ ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಹಂತದ ಸದಸ್ಯರನ್ನೆಲ್ಲ ಸರ್ಕಾರಿ ಕೆಲಸದಿಂದ ಕಿತ್ತುಹಾಕಿತು. ಒಂದು ವಾರದ ನಂತರ ಬಂದ ಎರಡನೆಯ ಆದೇಶ ಇರಾಕಿನ ಸೇನೆಯನ್ನೇ ವಿಸರ್ಜಿಸಿತು. ಲಕ್ಷಾಂತರ ಸೈನಿಕರು ಸಂಬಳವೂ ಇಲ್ಲದೆ, ಮಾನವೂ ಇಲ್ಲದೆ, ಆದರೆ ಬಂದೂಕು ಹಿಡಿಯುವ ವಿದ್ಯೆಯೊಂದನ್ನು ಉಳಿಸಿಕೊಂಡು ಮನೆ ಸೇರಿದರು. ಹಾಜಿ ಬಕ್ರ್ ಎಂದು ಹೆಸರಾದ, ಸದ್ದಾಂ ಸೇನೆಯ ವಾಯುರಕ್ಷಣಾ ಗುಪ್ತಚರ ವಿಭಾಗದ ಕರ್ನಲ್ ಒಬ್ಬ ಅವರಲ್ಲಿದ್ದ. ಊರೂರಿಗೆ ಗೂಢಚಾರರನ್ನು ಬಿಟ್ಟು, ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಪಟ್ಟಿ ಮಾಡಿಸಿ, ಆಮೇಲೆ ಊರನ್ನು ವಶಪಡಿಸಿಕೊಳ್ಳುವ ಐಎಸ್‌ನ ಪದ್ಧತಿಯನ್ನು ಕಾಗದದ ಮೇಲೆ ರೂಪಿಸಿದವನು ಅವನೇ. 2014ರ ಜನವರಿಯಲ್ಲಿ ಸಿರಿಯಾದಲ್ಲಿ ಅವನು ಸತ್ತ ಮೇಲೆ ಸಿಕ್ಕ ಕಾಗದಪತ್ರಗಳಲ್ಲಿ ಧರ್ಮದ ಮಾತಿಗಿಂತ ಬೇಹುಗಾರಿಕೆಯ ನಕ್ಷೆಗಳೇ ಹೆಚ್ಚಾಗಿದ್ದವು.

ಯುದ್ಧಕ್ಕೆ ಕೊಟ್ಟ ಕಾರಣವೂ ಹುಸಿಯಾಗಿತ್ತು. 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್, ಜೋರ್ಡಾನಿನ ಅಬು ಮುಸಾಬ್ ಅಲ್ ಝರ್ಕಾವಿಯನ್ನು ಸದ್ದಾಂ ಮತ್ತು ಅಲ್ ಖೈದಾ ನಡುವಿನ ಕೊಂಡಿ ಎಂದು ತೋರಿಸಿದರು. ಸದ್ದಾಂ ಅವನಿಗೆ ಆಸರೆ ಕೊಟ್ಟಿರಲಿಲ್ಲ, ಬದಲಿಗೆ ಅವನನ್ನು ಹಿಡಿಯಲು ಯತ್ನಿಸಿದ್ದ ಎಂಬುದು 2006ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿಯಿಂದಲೇ ಗೊತ್ತಾಯಿತು. ಅಷ್ಟರಲ್ಲಿ ಝರ್ಕಾವಿ ಇರಾಕನ್ನು ರಣಾಂಗಣ ಮಾಡಿಕೊಂಡಿದ್ದ. 2003ರ ಆಗಸ್ಟ್ ಒಂದೇ ತಿಂಗಳಲ್ಲಿ ಜೋರ್ಡಾನ್ ರಾಯಭಾರ ಕಚೇರಿ, ವಿಶ್ವಸಂಸ್ಥೆಯ ಕಚೇರಿಯಿದ್ದ ಕನಾಲ್ ಹೋಟೆಲ್, ನಜಾಫ್‌ನ ಇಮಾಮ್ ಅಲಿ ಮಸೀದಿ ಸ್ಫೋಟಕ್ಕೆ ಸಿಕ್ಕವು. ಇವನ ಸಂಘಟನೆಯೇ ಮುಂದೆ ಇರಾಕಿನ ಅಲ್ ಖೈದಾ ಆಗಿ, 2006ರಲ್ಲಿ ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್ ಆಗಿ, ಕೊನೆಗೆ ಬಗ್ದಾದಿಯ ಕೈಸೇರಿತು.

ಈ ಎಲ್ಲದರ ನಡುವೆ ಬುಕ್ಕಾ ಶಿಬಿರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2004ರ ಫೆಬ್ರವರಿಯಲ್ಲಿ ಫಲೂಜಾದ ಸ್ನೇಹಿತನ ಮನೆಯಲ್ಲಿದ್ದ ಇಬ್ರಾಹಿಮನನ್ನು ಅಮೆರಿಕನ್ ಸೈನಿಕರು ಹಿಡಿದರು. ಅವನ ಕಡತದಲ್ಲಿ ವೃತ್ತಿಯ ಜಾಗದಲ್ಲಿ ಬರೆದದ್ದು ಕಾರ್ಯದರ್ಶಿ ಎಂದು. ಕುವೈತ್ ಗಡಿಯ ಬಳಿ ಉಮ್ಮ್ ಕಸ್ರ್ ಪಕ್ಕದ ಮರಳುಗಾಡಿನಲ್ಲಿ, ಮುಳ್ಳುತಂತಿಯೊಳಗೆ ಗುಡಾರಗಳ ಸಾಲುಗಳಾಗಿ ನಿಂತಿದ್ದ ಆ ಶಿಬಿರಕ್ಕೆ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರದಲ್ಲಿ ಪ್ರಾಣ ಕೊಟ್ಟ ಅಗ್ನಿಶಾಮಕ ಅಧಿಕಾರಿ ರೊನಾಲ್ಡ್ ಬುಕ್ಕಾ ಅವರ ಹೆಸರಿಟ್ಟಿದ್ದರು. ಅವರ ಹೆಸರು ಹೊತ್ತ ಸ್ಥಳದಲ್ಲೇ ಮುಂದಿನ ಪೀಳಿಗೆಯ ಉಗ್ರರು ಒಬ್ಬರನ್ನೊಬ್ಬರು ಕಂಡುಕೊಂಡರು ಎಂಬುದನ್ನು ಬರೆಯುವಾಗ ಸಂಕಟವಾಗುತ್ತದೆ. ಹೊರಗೆ ಎಲ್ಲಿ ಕೂಡಿದರೂ ಬಾಂಬ್ ಬೀಳುವ ಭಯವಿದ್ದ ಜಿಹಾದಿಗಳಿಗೆ, ಕೆಲಸ ಕಳೆದುಕೊಂಡ ಬಾತ್ ಅಧಿಕಾರಿಗಳಿಗೆ, ಏನೂ ಮಾಡದೆ ಬಲೆಗೆ ಬಿದ್ದ ಅಮಾಯಕರಿಗೆ ಅಲ್ಲಿ ಒಂದೇ ಬೇಲಿಯೊಳಗೆ ತಿಂಗಳುಗಟ್ಟಲೆ ಬಿಡುವು ಸಿಕ್ಕಿತು. ಬಿಡುಗಡೆಯ ಹೊತ್ತಿಗೆ ಕೈದಿಗಳು ಪರಸ್ಪರರ ಫೋನ್ ನಂಬರುಗಳನ್ನು ಒಳಚಡ್ಡಿಯ ಎಲಾಸ್ಟಿಕ್ ಪಟ್ಟಿಯ ಮೇಲೆ ಬರೆದುಕೊಂಡು ಹೊರಬಂದರೆಂದು, ಅಲ್ಲಿದ್ದು ಆಮೇಲೆ ಐಎಸ್ ಸೇರಿದವನೊಬ್ಬ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಹೇಳಿದ್ದಾನೆ. ಜಗಳ ಬಿಡಿಸಬಲ್ಲ ಶಾಂತಸ್ವಭಾವದವನೆಂದು ಕಾವಲಿನವರು ನಂಬಿದ್ದ ಇಬ್ರಾಹಿಂ ಡಿಸೆಂಬರ್ 8ರಂದು ಬಿಡುಗಡೆಯಾದ.

ಇದು ಇರಾಕಿಗೆ ಮಾತ್ರ ಸೀಮಿತವಾದ ದುರದೃಷ್ಟವೂ ಅಲ್ಲ. 2011ರಲ್ಲಿ ನ್ಯಾಟೊ ಬಾಂಬ್ ದಾಳಿಯ ನೆರವಿನಿಂದ ಗಡ್ಡಾಫಿಯ ಆಡಳಿತ ಬಿದ್ದ ಲಿಬಿಯಾದಲ್ಲಿ, ಅವನ ತವರಾದ ಸಿರ್ತ್ ನಗರ ನಾಲ್ಕೇ ವರ್ಷಗಳಲ್ಲಿ ಐಎಸ್ ಪಾಲಾಯಿತು. 2015ರ ಜುಲೈ ಕೊನೆಯಲ್ಲಿ ಅಲ್ಲಿ ಅಪಹರಣಕ್ಕೊಳಗಾದ ನಾಲ್ವರು ಭಾರತೀಯ ಅಧ್ಯಾಪಕರಲ್ಲಿ ಇಬ್ಬರು ನಮ್ಮ ಕರ್ನಾಟಕದವರು. ಅವರು ಬೇಗನೆ ಬಿಡುಗಡೆಯಾದರು, ಉಳಿದಿಬ್ಬರು ಮನೆ ಕಾಣಲು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ರಾಜ್ಯವ್ಯವಸ್ಥೆಯನ್ನು ಹೊರಗಿನಿಂದ ಒಡೆದು, ಮುಂದೇನೆಂದು ಯೋಚಿಸದೆ ಬಿಟ್ಟುಹೋದ ಜಾಗದಲ್ಲಿ ಬಗ್ದಾದಿಯಂಥವರಿಗೆ ಬೀಡು ಸಿಗುತ್ತದೆ. 2003ರ ಏಪ್ರಿಲ್ 8ರಂದು ನಮ್ಮ ಲೋಕಸಭೆ ಆ ಯುದ್ಧದ ವಿರುದ್ಧ ಒಮ್ಮತದ ನಿರ್ಣಯ ಅಂಗೀಕರಿಸಿದಾಗ ‘ನಿಂದಾ’ ಎಂಬ ಪದವನ್ನೇ ಬಳಸಿತು. ಜುಲೈನಲ್ಲಿ, ಅಮೆರಿಕ ಕೇಳಿಕೊಂಡರೂ, ಸೈನ್ಯ ಕಳಿಸಲು ಭಾರತ ಒಪ್ಪಲಿಲ್ಲ. ಅಂದು ದೆಹಲಿಗೆ ಕಂಡದ್ದು ವಾಷಿಂಗ್ಟನ್ನಿಗೆ ಕಂಡಿದ್ದರೆ, ತೋಬ್ಚಿಯ ಮೇಷ್ಟ್ರು ಮೇಷ್ಟ್ರಾಗಿಯೇ ಉಳಿಯುತ್ತಿದ್ದನೇನೋ.

ವಿರೋಧ: ಕೊಂದವನ ಹೊಣೆಯನ್ನು ಯುದ್ಧದ ತಲೆಗೆ ಕಟ್ಟಲಾಗದು

ಇರಾಕ್ ಯುದ್ಧ ಅನ್ಯಾಯದ ಯುದ್ಧವಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ಆದರೆ ಅನ್ಯಾಯ ನಡೆಯಿತು ಎಂಬುದೂ, ಆ ಅನ್ಯಾಯದಿಂದಲೇ ಬಗ್ದಾದಿ ಹುಟ್ಟಿದ ಎಂಬುದೂ ಬೇರೆ ಬೇರೆ ಮಾತುಗಳು. ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ರಾಯಭಾರ ಕಚೇರಿಗಳ ಮೇಲಿನ ದಾಳಿಯಲ್ಲಿ 224 ಜನ ಸತ್ತದ್ದು 1998ರಲ್ಲಿ. ಅಮೆರಿಕದಲ್ಲಿ ಸುಮಾರು 3,000 ಜನ ಸತ್ತದ್ದು 2001ರಲ್ಲಿ. ಬಾಲಿ ದ್ವೀಪದಲ್ಲಿ 202 ಜನ ಸತ್ತದ್ದು 2002ರಲ್ಲಿ. ಇವೆಲ್ಲ ಇರಾಕ್ ಯುದ್ಧಕ್ಕೆ ಮೊದಲೇ ನಡೆದವು. ಝರ್ಕಾವಿ ಜೋರ್ಡಾನಿನ ಸೆರೆಮನೆಯಲ್ಲೇ ಉಗ್ರವಾದದ ಗುರುವಾಗಿದ್ದ, 1999ರ ಕ್ಷಮಾದಾನದಲ್ಲಿ ಹೊರಬಂದು ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ತರಬೇತಿ ಶಿಬಿರ ನಡೆಸಿದ್ದ.

ತೋಬ್ಚಿಯ ಸಾಧು ಮೇಷ್ಟ್ರು ಎಂಬ ಚಿತ್ರವೂ ಅರ್ಧ ಮಾತ್ರ ನಿಜ. ಸದ್ದಾಂ ತನ್ನ ಕುರ್ಚಿ ಉಳಿಸಿಕೊಳ್ಳಲು 1993ರಲ್ಲಿ ಆರಂಭಿಸಿದ ‘ಶ್ರದ್ಧಾ ಅಭಿಯಾನ’ದ ಕಾಲದಲ್ಲಿ, ಸದ್ದಾಮನದೇ ಹೆಸರು ಹೊತ್ತ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಓದಿ ಬೆಳೆದವನು ಇಬ್ರಾಹಿಂ; ಇಸ್ಲಾಮಿನ ಆರಂಭದ ಕಾಲಕ್ಕೆ ಮರಳಬೇಕೆನ್ನುವ ಕಟ್ಟರ್ ಸಲಫಿ ವಿಚಾರಗಳು ಅವನಿಗೆ ಹಿಡಿದದ್ದು ಆ ವರ್ಷಗಳಲ್ಲೇ. ಬುಕ್ಕಾ ಸೇರುವ ಮೊದಲೇ, 2003ರಲ್ಲೇ, ಅವನು ಸಶಸ್ತ್ರ ಗುಂಪೊಂದನ್ನು ಕಟ್ಟುವುದರಲ್ಲಿ ಭಾಗಿಯಾಗಿದ್ದ. ಕಾರ್ಯದರ್ಶಿ ಎಂದು ಬರೆದುಕೊಂಡವರು ಮೋಸಹೋದರು, ಅಷ್ಟೆ. ಬುಕ್ಕಾದಲ್ಲಿ ಒಂದೇ ಕಾಲಕ್ಕೆ 20,000ಕ್ಕೂ ಹೆಚ್ಚು ಕೈದಿಗಳಿದ್ದ ದಿನಗಳಿದ್ದವು. ಅದೇ ಗುಡಾರ, ಅದೇ ಬಿಸಿಲು, ಅದೇ ಅವಮಾನ ಅನುಭವಿಸಿದ ಸಾವಿರಾರು ಜನ ಮನೆಗೆ ಮರಳಿ ಬದುಕು ಕಟ್ಟಿಕೊಂಡರು.

ಅನ್ಬಾರ್ ಪ್ರಾಂತದ ಸುನ್ನಿ ಬುಡಕಟ್ಟುಗಳ ಕಥೆಯನ್ನು ಪರ ವಾದ ಮರೆತುಬಿಡುತ್ತದೆ. ಅಮೆರಿಕನ್ ಸೇನೆಯಿಂದ ಅತಿ ಹೆಚ್ಚು ಪೆಟ್ಟು ತಿಂದವರಲ್ಲಿ ಅವರೂ ಇದ್ದರು. ಆದರೂ 2006ರ ಸೆಪ್ಟೆಂಬರ್‌ನಲ್ಲಿ ಶೇಖ್ ಸತ್ತಾರ್ ಅಬು ರಿಶಾ ಅವರ ನಾಯಕತ್ವದಲ್ಲಿ ಅಲ್ ಖೈದಾ ವಿರುದ್ಧವೇ ಬಂದೂಕೆತ್ತಿದರು. ಒಂದು ವರ್ಷ ತುಂಬುವಷ್ಟರಲ್ಲಿ ಅವರನ್ನು ರಮಾದಿಯ ಮನೆಯ ಬಳಿಯೇ ಬಾಂಬಿಟ್ಟು ಕೊಂದರು. ಆದರೆ ಅವರು ಎಬ್ಬಿಸಿದ ‘ಸಹ್ವಾ’, ಅಂದರೆ ಜಾಗೃತಿ, ಉಗ್ರರ ಬೆನ್ನು ಮುರಿಯಿತು. ಬಗ್ದಾದಿ ನಾಯಕನಾದದ್ದು 2010ರ ಮೇ ತಿಂಗಳಲ್ಲಿ. ಮರುತಿಂಗಳೇ ಅಮೆರಿಕದ ಸೇನಾಧಿಕಾರಿ ಜನರಲ್ ಒಡಿಯರ್ನೊ, ಸಂಘಟನೆಯ 42 ಪ್ರಮುಖರಲ್ಲಿ 34 ಜನ ಸತ್ತಿದ್ದಾರೆ ಅಥವಾ ಸೆರೆಸಿಕ್ಕಿದ್ದಾರೆ ಎಂದರು. ಯುದ್ಧವೇ ಬಗ್ದಾದಿಯನ್ನು ಬೆಳೆಸಿದ್ದಾದರೆ, ಯುದ್ಧ ಆರಂಭವಾಗಿ ಏಳು ವರ್ಷಗಳಾದ ಮೇಲೆ ಅವನ ಕೈಗೆ ಬಂದದ್ದು ಸಾಯುತ್ತಿದ್ದ ಗುಂಪೇಕೆ?

ಆ ಗುಂಪಿಗೆ ಜೀವ ಬಂದದ್ದು ಬೇರೆಯವರ ಕೈಯಿಂದ. ಸಿರಿಯಾದಲ್ಲಿ 2011ರ ಮಾರ್ಚ್‌ನಲ್ಲಿ ಬೀದಿಗಿಳಿದ ಸ್ವಂತ ಪ್ರಜೆಗಳ ಮೇಲೆ ಬಷರ್ ಅಲ್ ಅಸ್ಸದ್ ಗುಂಡು ಹಾರಿಸಿದ. ಬಗ್ದಾದಿ ತನ್ನ ಬಂಟರನ್ನು ಅಲ್ಲಿಗೆ ಕಳಿಸಿದ. ಇರಾಕಿನಲ್ಲಿ ಕೊನೆಯ ಅಮೆರಿಕನ್ ತುಕಡಿ ಗಡಿ ದಾಟಿದ ಮರುದಿನವೇ ಶಿಯಾ ಪಂಗಡದ ಪ್ರಧಾನಿ ನೂರಿ ಅಲ್ ಮಾಲಿಕಿ ಅವರ ಸರ್ಕಾರ ಸುನ್ನಿ ಉಪರಾಷ್ಟ್ರಪತಿ ತಾರಿಕ್ ಅಲ್ ಹಾಶಿಮಿ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು. ಸಹ್ವಾ ಸೇರಿ ಹೋರಾಡಿದವರಿಗೆ ಕೊಟ್ಟ ಮಾತು ಉಳಿಯಲಿಲ್ಲ. 2013ರ ಏಪ್ರಿಲ್‌ನಲ್ಲಿ ಹವೀಜಾ ಪಟ್ಟಣದ ಪ್ರತಿಭಟನೆಯ ಮೇಲೆ ಸೇನೆ ನುಗ್ಗಿ ಹತ್ತಾರು ಜನರನ್ನು ಕೊಂದಿತು. 2014ರ ಜೂನ್ 10ರಂದು ಮೊಸುಲ್ ಬಿದ್ದಾಗ ಅದನ್ನು ಕಾಯಬೇಕಿದ್ದ ಸೇನೆ ಎಷ್ಟು ಟೊಳ್ಳಾಗಿತ್ತೆಂದರೆ, ಹಾಜರಿಯಲ್ಲಿ ಹೆಸರಿದ್ದು, ಸಂಬಳ ಸಂದಾಯವಾಗುತ್ತಿದ್ದು, ಮನುಷ್ಯರೇ ಇಲ್ಲದ 50,000 ‘ಸೈನಿಕರು’ ಲೆಕ್ಕದಲ್ಲಿದ್ದಾರೆಂದು ಮುಂದಿನ ಪ್ರಧಾನಿ ಹೈದರ್ ಅಲ್ ಅಬಾದಿ ಅದೇ ವರ್ಷ ಸಂಸತ್ತಿಗೆ ತಿಳಿಸಿದರು.

ಇನ್ನು ಸತ್ತವರ ಕಡೆ ನೋಡೋಣ. 2014ರ ಆಗಸ್ಟ್ 3ರಂದು ಸಿಂಜಾರ್ ಬೆಟ್ಟದ ಸುತ್ತಲಿನ, ಯಾಜಿದಿ ಎಂಬ ಅಲ್ಪಸಂಖ್ಯಾತ ಧರ್ಮದವರ ಹಳ್ಳಿಗಳಿಗೆ ನುಗ್ಗಿದ ಐಎಸ್, ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದಿತು, ಹೆಂಗಸರನ್ನೂ ಎಳೆಯ ಹುಡುಗಿಯರನ್ನೂ ಸಂತೆಯಲ್ಲಿ ಮಾರಿತು. ಈ ಯಾಜಿದಿಗಳು ಯಾರ ಮೇಲೂ ದಂಡೆತ್ತಿ ಹೋದವರಲ್ಲ. ಗುಲಾಮಗಿರಿಗೆ ಧರ್ಮಶಾಸ್ತ್ರದ ಸಮರ್ಥನೆಯನ್ನು ಐಎಸ್ ತನ್ನ ಪತ್ರಿಕೆಯಲ್ಲೇ ಹೆಮ್ಮೆಯಿಂದ ಅಚ್ಚುಮಾಡಿತು. ಅದರಲ್ಲಿ ಪಾಲ್ ಬ್ರೆಮರ್ ಅವರ ಆದೇಶದ ಸೇಡು ಎಲ್ಲಿದೆ? ಯುದ್ಧವನ್ನು ನಿಂದಿಸಿ, ಸೈನ್ಯ ಕಳಿಸಲೊಲ್ಲದೆ ದೂರ ನಿಂತ ಭಾರತದ ಹೆಸರನ್ನು ಪರ ವಾದ ಎತ್ತಿದೆ. ಮೊಸುಲಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ, ಹೆಚ್ಚಿನವರು ಪಂಜಾಬಿನವರಾದ, 39 ಭಾರತೀಯ ಕಾರ್ಮಿಕರನ್ನು ಅದೇ 2014ರಲ್ಲಿ ಹಿಡಿದು ಕೊಂದರು. ಬಾದುಶ್ ಬಳಿಯ ಸಾಮೂಹಿಕ ಗೋರಿಯಲ್ಲಿ ಸಿಕ್ಕ ಶವಗಳು ಅವರವೇ ಎಂದು ಸುಷ್ಮಾ ಸ್ವರಾಜ್ ಸಂಸತ್ತಿನಲ್ಲಿ ಹೇಳಿದ್ದು 2018ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ ಆ ಮನೆಗಳಲ್ಲಿ ದೀಪ ಆರಿಸದೆ ಕಾಯುತ್ತಿದ್ದರು.

ಬಗ್ದಾದಿಯ ಕರೆಗೆ ಓಗೊಟ್ಟವರೆಲ್ಲ ಬಾಂಬಿನ ಬೂದಿಯಿಂದ ಎದ್ದು ಬಂದವರೂ ಅಲ್ಲ. ಹೊರಗಿನ ಹೋರಾಟಗಾರರು ಅತಿ ಹೆಚ್ಚು ಹೊರಟ ದೇಶಗಳಲ್ಲಿ ಟುನೀಶಿಯಾ ಒಂದು. ಅದರ ಮೇಲೆ ಅಮೆರಿಕ ಎಂದೂ ಯುದ್ಧ ಸಾರಿಲ್ಲ. ಹಗಲು ಕಂಪನಿಯ ಕೆಲಸ ಮಾಡುತ್ತ, ಬಾಡಿಗೆ ಮನೆಯಲ್ಲಿ ಕುಳಿತು 17,000ಕ್ಕೂ ಹೆಚ್ಚು ಹಿಂಬಾಲಕರಿದ್ದ ಟ್ವಿಟರ್ ಖಾತೆಯಿಂದ ಐಎಸ್ ಪರ ಪ್ರಚಾರ ನಡೆಸುತ್ತಿದ್ದ ಆರೋಪದ ಮೇಲೆ 2014ರ ಡಿಸೆಂಬರ್‌ನಲ್ಲಿ ಯುವಕನೊಬ್ಬನ ಬಂಧನವಾದದ್ದು ನಮ್ಮ ಬೆಂಗಳೂರಿನಲ್ಲಿ. ಅವನಿಗೆ ಬುಕ್ಕಾ ಶಿಬಿರ ಎಲ್ಲಿಂದ ಬಂತು? ಅದೇ 2014ರ ಸೆಪ್ಟೆಂಬರ್‌ನಲ್ಲಿ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಬಗ್ದಾದಿಗೆ ಬಹಿರಂಗ ಪತ್ರ ಬರೆದು, ಅವನ ವ್ಯಾಖ್ಯಾನಗಳನ್ನು ಒಂದೊಂದಾಗಿ ತಳ್ಳಿಹಾಕಿದರು. ಒಂದೇ ಕಾಲದಲ್ಲಿ, ಒಂದೇ ಗ್ರಂಥವನ್ನು ಓದಿದವರಲ್ಲಿ ಒಬ್ಬ ಹಾಗೆ ಆಯ್ದುಕೊಂಡ, ಇವರು ಹೀಗೆ ಆಯ್ದುಕೊಂಡರು. ಅವನ ಆಯ್ಕೆಯನ್ನು ವಾಷಿಂಗ್ಟನ್ನಿನ ಲೆಕ್ಕಕ್ಕೆ ಬರೆದರೆ, ಇವರ ಆಯ್ಕೆಯ ಧೈರ್ಯವನ್ನೂ, ಅಬು ರಿಶಾ ಅವರ ಪ್ರಾಣವನ್ನೂ ನಾವು ಅಗ್ಗ ಮಾಡಿದಂತಾಗುತ್ತದೆ. ಪರ ವಾದವನ್ನು ನಾನು ಪ್ರಾಮಾಣಿಕವಾಗಿಯೇ ಬರೆದೆ, ಆದರೆ ನನ್ನ ಮನಸ್ಸು ಒಪ್ಪದೆ ನಿಲ್ಲುವುದು ಇಲ್ಲೇ.

ಬಗ್ದಾದಿ 2019ರ ಅಕ್ಟೋಬರ್‌ನಲ್ಲಿ ಸಿರಿಯಾದ ಬರೀಶಾ ಹಳ್ಳಿಯಲ್ಲಿ ಅಮೆರಿಕನ್ ಕಮಾಂಡೊಗಳ ದಾಳಿಯ ವೇಳೆ ಸತ್ತ. ಅದಕ್ಕೂ ಮೊದಲೇ, 2017ರ ಜೂನ್ 21ರ ರಾತ್ರಿ, ಇರಾಕಿ ಸೇನೆ ಅಲ್ ನೂರಿ ಮಸೀದಿಯ ಸಮೀಪಕ್ಕೆ ಬಂದಾಗ ಅವನ ಜನ ಅದನ್ನು ಸ್ಫೋಟಕ ಇಟ್ಟು ಉರುಳಿಸಿದರು. 12ನೆಯ ಶತಮಾನದಿಂದ ನಿಂತಿದ್ದ, ವಾಲಿದ ಮೈಯಿಂದಾಗಿ ಮೊಸುಲಿನ ಜನ ‘ಅಲ್ ಹದ್ಬಾ’, ಅಂದರೆ ಗೂನಿ, ಎಂದು ಅಕ್ಕರೆಯಿಂದ ಕರೆಯುತ್ತಿದ್ದ, 10,000 ದಿನಾರಿನ ನೋಟಿನ ಮೇಲೂ ಅಚ್ಚಾಗಿದ್ದ ಮಿನಾರು ನೆಲಕ್ಕೆ ಬಿತ್ತು. ಅಮೆರಿಕದ ವಿಮಾನ ಬಾಂಬ್ ಹಾಕಿ ಕೆಡವಿತು ಎಂದು ಐಎಸ್‌ನ ಸುದ್ದಿಸಂಸ್ಥೆ ಕೂಡಲೇ ಸಾರಿತು. ಇರಾಕಿ ಸೇನೆ ಬಿಡುಗಡೆ ಮಾಡಿದ ವಿಡಿಯೊದಲ್ಲಿ ಸ್ಫೋಟ ಮಸೀದಿಯ ಒಳಗಿನಿಂದಲೇ ಎದ್ದದ್ದು ಕಾಣುತ್ತದೆ.